ಕೆನ್ನೆಯ ಮೇಲೆ ಬೆರಳು

ಇದು ನಡೆದದ್ದು 1994ರ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ.

ಬಸ್ ಕಂಡಕ್ಟರ್ ಮಾಬುಸಾಬನ ಬಲಗಿವಿಯ ಒಳಗೆ ಚರ್ಮದ ಸಿಪ್ಪೆ ಪದರುಪದರಾಗಿ ಬೆಳೆದು ಗಡ್ಡೆಯಾಗಿತ್ತು. ಮೂಳೆ ತಿನ್ನುತ್ತ ತಲೆಬುರುಡೆಯ ತಳಕ್ಕೆ ಇಳಿದಿತ್ತು. ಬಿಟ್ಟರೆ ಮಿದುಳಿಗೆ ಅಪಾಯ. ತೆಗೆಯುವ ದಾರಿಯಲ್ಲೇ ಮುಖದ ನರ.

"ಕಿವಿ ಹೋದ್ರ ಹೋಗ್ಲಿರಿ," ಎಂದಿದ್ದ ಮಾಬುಸಾಬ. "ಬಾಯಿ ಸೊಟ್ಟ ಆತಂದ್ರ ಸೀಟಿ ಹೊಡಿಯಾಕ ಬರಂಗಿಲ್ಲ."

ಆಪರೇಷನ್ ಕೋಣೆಯಲ್ಲಿ ಗುರು ಡಾ. ಇಟಗಿ ಶಿಷ್ಯ ಫಕೀರೇಶನ ಕೈಗೆ ಮೂಳೆ ಕೊರೆಯುವ ಡ್ರಿಲ್ ಕೊಡಲಿಲ್ಲ. ಹಸಿರು ಬಟ್ಟೆಯ ಅಡಿಗೆ ಕೈ ತೂರಿಸಿ ರೋಗಿಯ ಕೆನ್ನೆಯ ಮೇಲೆ ಬೆರಳಿಡಲು ಹೇಳಿದರು.

"ನರದ ಸನೇಕ ಹೋದ್ರ ಕೆನ್ನಿ ಅದುರತೈತಿ. ಹೇಳು."

"ನಾ ಡ್ರಿಲ್ ಕಲಿಯಾಕ ಬಂದೇನ್ರಿ, ಸರ್."

"ಅದಕ್ಕ ಕೂಡಿಸೇನಿ."

ಡ್ರಿಲ್ ಶುರುವಾಯಿತು.

"ಅದುರಿತ್ರಿ, ಸರ್."

ಗುರು ನಿಲ್ಲಿಸಿದರು. ನೀರು ಹಾಯಿಸಿ ನೋಡಿದರು. ಮತ್ತೆ ಮುಂದುವರಿಸಿದರು.

ಹೀಗೆ ಆರು ಸಲ ಆಯಿತು. ಸಿಸ್ಟರ್ ಮಾಸ್ಕಿನೊಳಗೇ ನಕ್ಕರು.

"ಅದುರೋದು ಪೇಷಂಟಿನ ಕೆನ್ನಿಯೋ, ನಿಮ್ಮ ಕೈಯೋ, ಡಾಕ್ಟ್ರೇ?"

ಫಕೀರೇಶನಿಗೂ ಅದೇ ಅನುಮಾನ. ಬೆರಳ ತುದಿಯಲ್ಲಿ ಅವನದೇ ನಾಡಿ ಬಡಿಯುತ್ತಿತ್ತು. ಡ್ರಿಲ್ಲಿನ ನಡುಕ ಮೂಳೆ ಹಾದು ಕೆನ್ನೆಗೂ ಬರುತ್ತಿತ್ತು. ಯಾವುದು ಯಾವುದೆಂದು ಬಿಡಿಸಲಾಗಲಿಲ್ಲ.

ಮತ್ತೆ ಏನೋ ಮಿಡಿದಂತಾಯಿತು. ಅವನು ಬಾಯಿ ತೆರೆದು ಮುಚ್ಚಿಕೊಂಡ.

ಡ್ರಿಲ್ ಓಡುತ್ತಲೇ ಇತ್ತು.

"ಸರ್," ಎಂದ ಕೊನೆಗೆ. "ನನಗ ತಿಳಿಯವಲ್ದು."

ಡ್ರಿಲ್ ನಿಂತಿತು. ಗುರು ಕೊರೆದ ಜಾಗವನ್ನು ಬಹಳ ಹೊತ್ತು ನೋಡಿದರು. ಕಂಡದ್ದೇನೆಂದು ಹೇಳಲಿಲ್ಲ. ಡ್ರಿಲ್ಲಿಗೆ ಇನ್ನೂ ನಯವಾದ ಮೊನೆ ಕೇಳಿದರು.

ಗಡ್ಡೆ ಪೂರ್ತಿ ಹೊರಬಂದಾಗ ಮಧ್ಯಾಹ್ನ ಮೂರು ಗಂಟೆ.

ಸಂಜೆ ವಾರ್ಡಿನಲ್ಲಿ ಮಾಬುಸಾಬ ತಲೆಯ ಪಟ್ಟಿ ಮುಟ್ಟಿ ನೋಡಿಕೊಂಡ. ತುಟಿ ಮುಂದೆ ಮಾಡಿ ಊದಿದ. ಸೀಟಿ ಸಣ್ಣದಾಗಿ, ಆದರೆ ಬಿರುಕಿಲ್ಲದೆ ಬಂತು.

"ರೈಟ್, ರೈಟ್," ಎಂದ ಪಕ್ಕದ ಹಾಸಿಗೆಯವ.

ಗುರುವಿನ ಜೊತೆ ವಾರ್ಡಿನಿಂದ ಹೊರಗೆ ಬಂದ ಮೇಲೆ ಫಕೀರೇಶ ತಡೆದುಕೊಳ್ಳಲಿಲ್ಲ.

"ನನ್ನ ಮಾತಿಗೆ ಎಷ್ಟೊತ್ತು ಹಾಳಾತ್ರಿ, ಸರ್. ಅದರಾಗ ಖರೇನ ಅದುರಿದ್ದು ಎಷ್ಟು ಸಲ?"

"ಗೊತ್ತಿಲ್ಲ," ಎಂದರು ಗುರು. "ನಾ ನಿಲ್ಲಿಸಿದ್ದು ಏಳು ಸಲ."