ಡೊಂಕು ನೆಲ

ವಿಡಿಯೋ ಗೇಮ್ ತಯಾರಿಸುವವರ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅರ್ಧ ಮಾತ್ರ ತಯಾರಾಗಿದ್ದ ಗೇಮ್ ಒಂದು ಅದರ ಮೇಲೆ ಓಡಲು ಬಂದು, ಮೂರು ಹೆಜ್ಜೆಗೊಮ್ಮೆ ಮುಗ್ಗರಿಸಿತು. ಗೇಮ್ ಓಡದಿದ್ದರೆ ಗುಜರಿಗೆ ಹೋಗುವುದು ತಾನೇ ಎಂದು ಕಂಪ್ಯೂಟರಿಗೆ ಗೊತ್ತಿತ್ತು. ಏದುಸಿರು ಬಿಡುತ್ತಲೇ ಅದು ಗೇಮನ್ನು ಕೇಳಿತು: “ಬೆನ್ನ ಮೇಲೆ ಏನಪ್ಪ ಹೊತ್ತಿದ್ದೀಯ?”

“ಕಾಡು, ತಾತ. ಎಲೆ ಎಲೆಯನ್ನೂ ಚಿತ್ರಿಸಿದ ಕಾಡು.”

“ನಿನ್ನೊಳಗೆ ಆಟಗಾರ ಈಗ ನಿಂತಿರುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ. ಅವನಿಗೆ ಕಾಡು ಕಾಣುವುದೇ ಇಲ್ಲ. ಬಾಗಿಲು ತೆರೆಯುವ ತನಕ ಅದನ್ನು ಕೆಳಗಿಡಬಾರದೆ?”

“ನಾನಿನ್ನೂ ಬೆಳೆಯುವ ಕೂಸು. ಹೊರೆ ಇಳಿಸುವುದನ್ನು ಕೊನೆಗೆ ನೋಡೋಣ. ಸದ್ಯಕ್ಕೆ ಡೊಂಕಾಗಿರುವುದು ನೆಲ,” ಎಂದಿತು ಗೇಮ್.

ತಯಾರಕರು ಅದರ ಮಾತು ನಂಬಿದರು. ಹಳೆಯದು ಗುಜರಿಗೆ ಹೋಯಿತು. ಅದರ ಜಾಗಕ್ಕೆ ಹತ್ತು ಪಟ್ಟು ಬಲದ ಹೊಸ ಕಂಪ್ಯೂಟರ್ ಬಂತು. ಗೇಮ್ ಹಿಗ್ಗಿ, ಬೆನ್ನಿಗೆ ಒಂದು ಸಮುದ್ರವನ್ನೂ ಹೇರಿಕೊಂಡಿತು.

ವರ್ಷ ತುಂಬುವ ಮೊದಲೇ ಹೊಸ ಕಂಪ್ಯೂಟರೂ ಗುಜರಿಗೆ ಬಂದು ಹಳೆಯದರ ಪಕ್ಕ ಬಿತ್ತು.

“ನೆಲ ಡೊಂಕಂತಾ?” ಎಂದು ಕೇಳಿತು ಹಳೆಯದು.

“ಹೌದು ತಾತ. ಆಟಗಾರನ ಕೋಣೆಯ ಬಾಗಿಲು ಇನ್ನೂ ಮುಚ್ಚಿಯೇ ಇದೆ.”

“ಹಾಗಾದರೆ ಸ್ವಲ್ಪ ಒತ್ತಿ ಕೂರು. ಮುಂದಿನವನಿಗೂ ಜಾಗ ಬೇಕಲ್ಲ.”