ಆಚೆ ದಡ, ಈಚೆ ದಡ

ಒಂದು ಕಾಡಿನಲ್ಲಿ ಬೇಸಿಗೆಗೆ ಹೊಳೆ ಬತ್ತಿತ್ತು. ಹರಿವು ನಿಂತರೂ ದಡದ ಬುಡದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಅಂಥ ನೀರಿಗೆ ಏನೋ ಹೆಸರಿದೆ, ತಡಿ ಪುಟ್ಟೀ, ನೆನಪಿಸಿಕೊಂಡು ಬರೆಸುತ್ತೇನೆ. ಗುಂಡಿ ಅಲ್ಲ, ಹೊಂಡವೂ ಅಲ್ಲ, ಮ... ಮಡಿ... ಹ್ಞಾಂ, ಮಡು! ಮೂಡಣ ದಡದಲ್ಲೊಂದು ಮಡು, ಪಡುವಣ ದಡದಲ್ಲೊಂದು ಮಡು. ಎರಡೂ ಕಡೆಯ ಪ್ರಾಣಿಗಳು ಆ ನೀರನ್ನೇ ನಂಬಿಕೊಂಡಿದ್ದವು.

ಮೂಡಣ ಕಾಡಿನಲ್ಲಿ ಒಂದು ಮುದಿ ಮಂಗಟ್ಟೆ ಹಕ್ಕಿ ಇತ್ತು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಸಂಜೆಯಾದರೆ ಅಳಿಲು ಬಂದು ಯಾವ ಮರ ಹಣ್ಣಾಯಿತೆಂದು ಹೇಳುತ್ತಿತ್ತು. ಕಪ್ಪೆ ನೀರಿನ ಸುದ್ದಿ ತರುತ್ತಿತ್ತು. ಜಿಂಕೆ ಹುಲಿಯ ಹೆಜ್ಜೆ ಕಂಡ ಜಾಗವನ್ನು ತಿಳಿಸುತ್ತಿತ್ತು. ಅಜ್ಜಿ ಹಣ್ಣಿನದನ್ನು ಒಂದು ಕಡೆ, ನೀರಿನದನ್ನು ಒಂದು ಕಡೆ, ಅಪಾಯದ್ದನ್ನು ಇನ್ನೊಂದು ಕಡೆ ಮನಸ್ಸಿನಲ್ಲಿ ಜೋಡಿಸಿಡುತ್ತಿತ್ತು. ಬೆಳಗ್ಗೆ ಅತ್ತಿಮರದ ಮೇಲೆ ಕೂತು ಎಲ್ಲವನ್ನೂ ಸಾರುತ್ತಿತ್ತು.

ಪಡುವಣ ಕಾಡಿನಲ್ಲಿ ಒಂದು ಕಾಜಾಣ ಇತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಿತ್ತು. ಅದು ದಿನಾ ಬೆಳಗ್ಗೆ ಹೊಳೆ ದಾಟಿ, ಎಲೆ ಮರೆಯಲ್ಲಿ ಕೂತು, ಅಜ್ಜಿಯ ಮಾತುಗಳನ್ನು ಕದ್ದು ಕೇಳುತ್ತಿತ್ತು. ತನ್ನ ಕಾಡಿಗೆ ಮರಳಿ ಅದನ್ನೇ ಸಾರುತ್ತಿತ್ತು.

"ನಸುಕಿಗೇ ಎದ್ದು ಕಾಡೆಲ್ಲ ಸುತ್ತಿ ಬಂದೆ. ಹೊಳೆಬದಿಯ ಬಸರಿ ಮರ ಹಣ್ಣಾಗಿದೆ, ಹೋಗಿ ತಿನ್ನಿ!"

ಪ್ರಾಣಿಗಳು ಹೋಗಿ ನೋಡಿದರೆ ಹಣ್ಣು ಇದ್ದೇ ಇರುತ್ತಿತ್ತು. ಕಾಜಾಣಕ್ಕೆ ಎಲ್ಲಿಲ್ಲದ ಮರ್ಯಾದೆ. ಗಂಗಿ ಎಂಬ ಕಡವೆಯಂತೂ ಅದನ್ನು ಬೆನ್ನ ಮೇಲೆ ಕೂರಿಸಿಕೊಂಡೇ ಮೇಯುತ್ತಿತ್ತು. ಹುಲ್ಲಿನಿಂದ ಎದ್ದ ಹುಳುಗಳೆಲ್ಲ ಕಾಜಾಣದ ಪಾಲು.

ಕರಿಮೂತಿಯ ಕೋತಿ ಮುಸುವ ಮಾತ್ರ ಒಮ್ಮೆ ಕೆಣಕಿತು. "ಏನಪ್ಪಾ, ಕಾಡೆಲ್ಲ ಸುತ್ತಿದವನ ರೆಕ್ಕೆಗೆ ಒಂದು ಕಸವೂ ಅಂಟಿಲ್ಲವಲ್ಲ!"

"ನಾನು ಹಾರುವವನು ಕಣಣ್ಣ, ನಿನ್ನ ಹಾಗೆ ಉರುಳುವವನಲ್ಲ" ಎಂದಿತು ಕಾಜಾಣ. ಎಲ್ಲರೂ ನಕ್ಕರು.

ಒಂದು ಬೆಳಗ್ಗೆ ಅಜ್ಜಿ ಗಾಬರಿಯಿಂದ ಕೂಗಿತು. "ಆಚೆ ದಡದ ಮಡುವಿಗೆ ಮೀನು ಹಿಡಿಯುವವರು ಕಾರೆಕಾಯಿ ಅರೆದು ಸುರಿದಿದ್ದಾರೆ! ಆ ನೀರು ವಿಷ! ಈಚೆ ದಡದ ನೀರನ್ನೇ ಕುಡಿಯಿರಿ!"

ಕಾಜಾಣ ಒಂದಕ್ಷರ ಬಿಡದೆ ಕಲಿಯಿತು. ಪಡುವಣ ದಡಕ್ಕೆ ಹಾರಿ, ಅದನ್ನೇ ಮೂರು ಸಲ ಸಾರಿತು. "ಆಚೆ ದಡದ ನೀರು ವಿಷ! ಈಚೆ ದಡದ ನೀರನ್ನೇ ಕುಡಿಯಿರಿ!"

ಗಂಗಿ ತನ್ನ ಮರಿಯನ್ನು ಕರೆದುಕೊಂಡು ಈಚೆ ದಡದ ಮಡುವಿಗೆ ಹೋಯಿತು. "ಹೊಟ್ಟೆ ತುಂಬ ಕುಡಿ ಮಗಾ, ಕಾಜಾಣ ಮಾವ ನೋಡಿ ಬಂದಿದ್ದಾನೆ" ಎಂದಿತು.

ಮಧ್ಯಾಹ್ನದ ಹೊತ್ತಿಗೆ ಮರಿ ಕಾಲು ಮಡಚಿ ಬಿದ್ದುಕೊಂಡಿತು. ಬಾಯಲ್ಲಿ ನೊರೆ ಬಂತು. ಗಂಗಿ ಅಳುತ್ತಾ ಕಾಜಾಣದ ಮರದಡಿಗೆ ಬಂತು.

"ಕಾಜಾಣಣ್ಣ, ನೀನು ಸರಿಯಾಗಿಯೇ ಹೇಳಿದ್ದೆ. ಪಾಪಿ ನಾನೇ ಎಲ್ಲೋ ತಪ್ಪು ಕೇಳಿಸಿಕೊಂಡೆ. ಇನ್ನೊಂದು ಸಲ ಹೇಳಣ್ಣ, ಯಾವ ದಡ ಅಂದಿದ್ದೆ?"

ಕಾಜಾಣ ಬಾಯಿ ತೆರೆಯಿತು. ಅಜ್ಜಿಯ ದನಿಯಲ್ಲೇ ಮಾತು ಹೊರಟಿತು. "ಆಚೆ ದಡದ..."

ಅಲ್ಲಿಗೇ ನಿಂತಿತು. ಅಜ್ಜಿ ಕೂತದ್ದು ಮೂಡಣ ದಡದಲ್ಲಿ. ಅಜ್ಜಿಗೆ ಆಚೆಯಾದದ್ದು ತಮಗೆ ಈಚೆ! ಕೆಳಗೆ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಹೌದು, ನೀನೇ ತಪ್ಪು ಕೇಳಿಸಿಕೊಂಡೆ" ಎಂದುಬಿಟ್ಟರೆ ಗಂಗಿ ನಂಬುತ್ತಿತ್ತು. ಆ ಮಾತು ಕೊಕ್ಕಿನ ತುದಿಗೂ ಬಂತು. ಆದರೆ ಮರಿಯ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ವಿಷ ಇಳಿಸುವುದು ಹೇಗೆಂದು ತಿಳಿದಿದ್ದದ್ದು ಅಜ್ಜಿಗೆ ಮಾತ್ರ. ಅಜ್ಜಿಯನ್ನು ಕೇಳಬೇಕಾದರೆ ಕದ್ದದ್ದನ್ನು ಒಪ್ಪಿಕೊಳ್ಳಬೇಕು.

ಕಾಜಾಣ ಹೊಳೆ ದಾಟಿತು. ಅತ್ತಿಮರದ ಕೆಳಗಿನ ಕೊಂಬೆಯಲ್ಲಿ ಕೂತು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿತು.

ಅಜ್ಜಿ ಕೊಂಬೆಯಿಂದ ಕೆಳಗೆ ಬಗ್ಗಿ ನೋಡಿತು. "ಲೋ, ನಮ್ಮ ಮಾತು ಆ ದಡಕ್ಕೂ ಹೋಗುತ್ತದೆಂದು ಗೊತ್ತಿದ್ದರೆ ಆಚೆ ಈಚೆ ಎನ್ನುತ್ತಿದ್ದೆನೇ? ಮೂಡಣ, ಪಡುವಣ ಎನ್ನುತ್ತಿದ್ದೆ. ಕೇಳಿದ್ದರೆ ಕೊಡುತ್ತಿದ್ದೆನಲ್ಲೋ! ನಡಿ, ಮೊದಲು ಮರಿಯನ್ನು ಇಲ್ಲಿಗೆ ದಾಟಿಸು. ಒಳ್ಳೆಯ ನೀರನ್ನು ಮತ್ತೆ ಮತ್ತೆ ಕುಡಿಸಿದರೆ ಬದುಕೀತು."

"ಅಜ್ಜೀ, ಅವರಿಗೆ ನೀನೇ ಬಂದು ಹೇಳು. ನನಗೆ ಮುಖವಿಲ್ಲ."

"ಸುಳ್ಳು ಸಾರುವಾಗ ಇದ್ದ ಮುಖ ಈಗೆಲ್ಲಿ ಹೋಯಿತು? ನೀನೇ ಹೇಳು. ನನ್ನ ದನಿಯಲ್ಲಲ್ಲ, ನಿನ್ನದರಲ್ಲಿ."

ಕಾಜಾಣ ಮರಳಿ ಬಂದು ಕೂಗಿತು. ಇಷ್ಟು ದಿನ ಬಳಸದ ಸ್ವಂತ ದನಿ ಒಡಕಲಾಗಿ ಬಂತು. "ನಮ್ಮ ಪಡುವಣ ಮಡುವೇ ವಿಷ! ಯಾರೂ ಮುಟ್ಟಬೇಡಿ! ಗಂಗಕ್ಕ, ನೀನು ತಪ್ಪು ಕೇಳಲಿಲ್ಲ, ನಾನು ತಪ್ಪು ಹೇಳಿದೆ. ಮರಿಯನ್ನು ಬೇಗ ಮೂಡಣ ದಡಕ್ಕೆ ದಾಟಿಸಿ ಅಲ್ಲಿಯ ನೀರನ್ನು ಮತ್ತೆ ಮತ್ತೆ ಕುಡಿಸು. ಒಂದು ದಿನವೂ ನಾನು ಕಾಡು ಸುತ್ತಲಿಲ್ಲ. ಎಲ್ಲವೂ ಮಂಗಟ್ಟೆ ಅಜ್ಜಿಯಿಂದ ಕದ್ದದ್ದು."

ಈ ಸಲ ಯಾರೂ ನಗಲಿಲ್ಲ. ಮುಸುವ ಕೂಡ ಕೆಣಕಲಿಲ್ಲ. ಅದೇ ಕಾಜಾಣಕ್ಕೆ ಹೆಚ್ಚು ಚುಚ್ಚಿತು.

ಗಂಗಿ ಮರಿಯನ್ನು ಮೂತಿಯಿಂದ ಎಬ್ಬಿಸಿ, ನೂಕಿ ನೂಕಿ ಒಣಹೊಳೆ ದಾಟಿಸಿತು. ಸಂಜೆಯವರೆಗೂ ನೀರು ಕುಡಿಸಿತು. ಹೊತ್ತು ಮುಳುಗುವ ಮುಂಚೆ ಮರಿ ಕಿವಿ ಅಲುಗಿಸಿ ಎದ್ದು ನಿಂತಿತು.

ಮರುದಿನದಿಂದ ಕಾಜಾಣ ಅಜ್ಜಿಯ ಎದುರಿಗೇ ಕೂತು, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡು ಸುದ್ದಿ ತಂದಿತು. "ಇದು ಮಂಗಟ್ಟೆ ಅಜ್ಜಿ ಇವತ್ತು ಹೇಳಿದ್ದು" ಎಂದೇ ಮಾತು ಶುರು ಮಾಡಿತು. ಗಂಗಿ ಬೈಯಲಿಲ್ಲ. ಆದರೆ ಅದನ್ನು ಮತ್ತೆ ಬೆನ್ನ ಮೇಲೆ ಕೂರಿಸಿಕೊಳ್ಳಲಿಲ್ಲ. ದಿನಾ ನೀರಿಗೆ ಇಳಿಯುವ ಮುಂಚೆ ತಲೆ ಎತ್ತಿ ಒಂದೇ ಮಾತು ಕೇಳುತ್ತಿತ್ತು. "ಅಜ್ಜಿಯನ್ನು ಕೇಳಿಬಂದೆಯಾ?"

"ಕೇಳಿಬಂದೆ ಅಕ್ಕ" ಎಂದು ಕಾಜಾಣ ದಿನವೂ ತಲೆ ತಗ್ಗಿಸುತ್ತಿತ್ತು.

ಇನ್ನು ನೀತಿ. ಪುಟ್ಟೀ, ಇದನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆ.

ನೀತಿ: ಒಂದು ಕಡೆ ಕೂಡಿಟ್ಟ ತಿಳುವಳಿಕೆಯನ್ನು ಇನ್ನೊಂದು ಕಡೆಗೆ ಒಯ್ಯುವವರು ಕೇಳಿ ಒಯ್ಯಬೇಕು, ಅರ್ಥ ತಿಳಿದು ಹೇಳಬೇಕು, ಯಾರದೆಂದು ಹೆಸರು ಹೇಳಬೇಕು.