ಸೆವ್ರಿನ್ ಬಾಯಿ ಒರೆಸಿದ ಮುಖ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ, ಹೊಳೆ ಕಡಲು ಸೇರುವಲ್ಲಿನ ಒಂದು ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಸೆವ್ರಿನ್ ಬಾಯಿ ಎಂಬವಳಿದ್ದಳು. ಸತ್ತವರನ್ನು ಮೀಯಿಸುವುದು ಅವಳ ಕೆಲಸ. ಅವಳು ಮುಖ ಒರೆಸಿದರೆ ಹೆಣ ನಗುತ್ತಿತ್ತು ಎನ್ನುತ್ತಾರೆ. ಹೆಣ ನಗುವುದಿಲ್ಲ. ಆದರೆ ಹಾಗೆನ್ನುತ್ತಾರೆ.

ಅವಳ ಒಬ್ಬನೇ ಮಗ ಚಿಕ್ಕವನಿದ್ದಾಗಲೇ ಹೊಳೆಪಾಲಾದ. ದೇಹ ಸಿಗಲಿಲ್ಲ. ಊರಿನಲ್ಲಿ ಅವಳ ಕೈಯಿಂದ ಮುಖ ತೊಳೆಸಿಕೊಳ್ಳದೆ ಹೋದವನು ಅವನೊಬ್ಬನೇ.

ಆ ಕುದ್ರುವಿನ ಇಗರ್ಜಿಯಲ್ಲಿ ಎರಡಾಳೆತ್ತರದ ಒಂದು ತೈಲಚಿತ್ರವಿತ್ತು. ಹಡಗಿನಲ್ಲಿ ಬಂತು ಎನ್ನುತ್ತಾರೆ. ತಾನೇ ತೇಲಿ ಬಂತು ಎನ್ನುವವರೂ ಇದ್ದಾರೆ. ಅದರಲ್ಲಿ ಯಾರಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಮರದ ಸಂತರಿಗೆ ಹುಳ ಹಿಡಿಯದಂತೆ ತೆಂಗಿನೆಣ್ಣೆ ಹಚ್ಚುವುದು ರೂಢಿ. ಚಿತ್ರಕ್ಕೆ ಬೇಸರವಾಗಬಾರದೆಂದು ಅದಕ್ಕೂ ಹಚ್ಚುತ್ತಿದ್ದರು. ಎಣ್ಣೆಗೆ ದೀಪದ ಮಸಿ ಹಿಡಿಯಿತು, ಮಸಿಯ ಮೇಲೆ ಮತ್ತೆ ಎಣ್ಣೆ. ಕೊನೆಗೆ ಚೌಕಟ್ಟಿನೊಳಗೆ ಉಳಿದದ್ದು ಬರೀ ಕಪ್ಪು. ಆ ಕಪ್ಪಿನಲ್ಲಿ ಮೀನುಗಾರರು ತಮ್ಮ ಸಂತ ಪೇದ್ರುವನ್ನು ಕಂಡರು, ಬಡಗಿಗಳು ತಮ್ಮ ಸಂತ ಜುಜೆಯನ್ನು ಕಂಡರು. ಯಾರಿಗೂ ನಷ್ಟವಿರಲಿಲ್ಲ.

ಹೊಸ ಪಾದ್ರಿ ಬಂದರು. ಏನೂ ಕಾಣದ ಚಿತ್ರ ಏತಕ್ಕೆ ಎಂದರು. ಪವಿತ್ರ ವಸ್ತುವನ್ನು ಎಸೆಯುವಂತಿಲ್ಲ. ಸುಟ್ಟು ಬೂದಿಯನ್ನು ಇಗರ್ಜಿಯ ಹಿತ್ತಲಲ್ಲಿ ಹೂಳಬೇಕು. ಭಾನುವಾರ ಪೂಜೆ ಮುಗಿದ ಮೇಲೆ ಸುಡುವುದೆಂದಾಯಿತು. ಗುರ್ಕಾರ ಲಾದ್ರು, ಅಂದರೆ ಅಲ್ಲಿನ ಕ್ರೈಸ್ತರ ಮುಖಂಡ, ಆ ದಿನ ಪೂಜೆ ಮುಗಿಯುತ್ತಲೇ ನಾಲ್ವರನ್ನು ಕರೆದು ಚಿತ್ರವನ್ನು ಇಳಿಸಿ ಗೋಡೆಗೆ ಒರಗಿಸಿದ.

ಸೆವ್ರಿನ್ ಬಾಯಿ ಬೆಂಚಿನಿಂದ ಎದ್ದು ಬಂದಳು. ಒಳಗಿರುವುದು ಯಾರೇ ಆಗಲಿ, ಮುಖ ತೊಳೆಯದೆ ಕಳಿಸುವುದಿಲ್ಲ ಎಂದಳಂತೆ. ನೀರು ಹಾಕಿ ಒರೆಸಿದಳು, ನೀರು ಜಾರಿಹೋಯಿತು. ಆಮೇಲೆ ಸೆರಗಿನ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಮಗುವಿನ ಕೆನ್ನೆಯ ಮಸಿ ಒರೆಸುವಂತೆ ಒರೆಸತೊಡಗಿದಳು. ಸೆರಗು ಕಪ್ಪಾಯಿತು. ಚಿತ್ರದಲ್ಲಿ ಒಂದು ಗುಲಾಬಿ ಕೆನ್ನೆ ಕಾಣಿಸಿತು.

"ಎಂಜಲು!" ಲಾದ್ರು ಕೂಗಿದ. "ದೇವರಿಗೆ ಎಂಜಲು ಬಳಿದಳು, ಪಾದ್ರಾಬ್! ಇನ್ನು ಸುಡಲೇಬೇಕು. ಇವಳು ಇಗರ್ಜಿಯ ಮೆಟ್ಟಿಲು ಹತ್ತಕೂಡದು."

ಸೆವ್ರಿನ್ ಬಾಯಿ ತಿರುಗಲಿಲ್ಲ. "ನಿನ್ನ ಮುಖವನ್ನು ನಿನ್ನಮ್ಮ ಪನ್ನೀರಿನಲ್ಲಿ ಒರೆಸಿದ್ದಾ?"

ಲಾದ್ರುವಿನ ತಾಯಿ ಮೊನ್ನಾ ಬಾಯಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು. "ಪನ್ನೀರಂತೆ!" ಎಂದಳು. "ಉಗುಳಲ್ಲೇ ಒರೆಸಿದ್ದು. ಇವತ್ತೂ ಮೂಗಿನ ಹತ್ತಿರ ಏನೋ ಅಂಟಿದೆ. ಬಾ ಪುತಾ ಇಲ್ಲಿ."

ಇಡೀ ಇಗರ್ಜಿ ನಕ್ಕಿತು. ಲಾದ್ರು ಮೂಗು ಮುಟ್ಟಿ ನೋಡಿಕೊಂಡ. ಅಲ್ಲಿಗೆ ಅವನ ವಾದ ಮುಗಿಯಿತು. ಮುದುಕಿ ಎದ್ದು ಹೋಗಿ ತನ್ನ ಸೆರಗನ್ನೂ ಒದ್ದೆ ಮಾಡಿಕೊಂಡಳು. ಉಳಿದ ಹೆಂಗಸರೂ ಹೋದರು. ಮಧ್ಯಾಹ್ನದ ಹೊತ್ತಿಗೆ ತಾಯಿಯ ಮಡಿಲಲ್ಲಿ ಕೂತ ಒಂದು ದುಂಡು ಮಗು, ಒಂದಿಷ್ಟು ನೀಲಿ ಬಟ್ಟೆ, ಕೆಲವು ದೇವದೂತರ ಮೊಣಕಾಲುಗಳು ಹೊರಬಂದವು. ಹಿತ್ತಲಲ್ಲಿ ಒಟ್ಟಿದ್ದ ಸೌದೆ ಪಾದ್ರಿಯ ಅಡುಗೆಮನೆಗೆ ಹೋಯಿತು.

ಮಗು ಸೆವ್ರಿನ್ ಬಾಯಿಯನ್ನು ನೋಡಿ ನಕ್ಕಿತು ಎನ್ನುತ್ತಾರೆ. ಅದನ್ನು ಬರೆದದ್ದೇ ನಗುವಂತೆ; ನಮ್ಮ ಎಣ್ಣೆ ಅದರ ಬಾಯಿ ಮುಚ್ಚಿತ್ತು, ಅಷ್ಟೇ. ಅವಳು ಅದರ ಕಿವಿಯ ಹಿಂದೆಯೂ ಒರೆಸಿದಳು ಎನ್ನುತ್ತಾರೆ. ಚಿತ್ರದಲ್ಲಿ ಕಿವಿಗೆ ಹಿಂಭಾಗವಿಲ್ಲ. ಆದರೆ ಇದನ್ನು ನಾನು ನಂಬುತ್ತೇನೆ.

ಮೇಲಿನ ಅರ್ಧ ಇಂದಿಗೂ ಕಪ್ಪು. ಹೆಂಗಸರ ಬಾಯಿ ಒಣಗಿತ್ತು ಎನ್ನುತ್ತಾರೆ. ಕೈ ಎಟುಕಲಿಲ್ಲ ಎಂದು ನನ್ನ ಊಹೆ. ಪಟ್ಟಣದಿಂದ ಬಂದ ಪಂಡಿತನೊಬ್ಬ, ಯುರೋಪಿನ ಕಲೆ ಬರೋಕ್ ಶೈಲಿಯ ಗಾಢ ಕತ್ತಲೆಯಿಂದ ರೊಕೊಕೊ ಶೈಲಿಯ ಹಗುರ ಗುಲಾಬಿಗೆ ಹೊರಳುತ್ತಿದ್ದ ಕಾಲದ ಚಿತ್ರವಿದು ಎಂದ. ಎಲ್ಲಿ ಹೊರಳಿತು ಎಂದು ಬೆರಳಿಟ್ಟೂ ತೋರಿಸಿದ. ಹೆಂಗಸರ ಕೈ ಎಟುಕಿದ್ದು ಅಲ್ಲಿಯವರೆಗೆ. ಅದರ ಮೇಲೆ ಸ್ವರ್ಗವಿದೆಯಂತೆ. ಕಾಣುವುದಿಲ್ಲ.

ಈಗ ಚಿತ್ರಕ್ಕೆ ಗಾಜು ಹಾಕಿದ್ದಾರೆ. ಆದರೂ ಮಾತೆ ಮರಿಯಳ ಹುಟ್ಟುಹಬ್ಬದಂದು, ಮಕ್ಕಳು ಹೂ ಹಿಡಿದು ಬರುವಾಗ, ತಾಯಂದಿರು ಇಗರ್ಜಿಯ ಬಾಗಿಲಲ್ಲಿ ನಿಂತು ಸೆರಗನ್ನೋ ಕರ್ಚೀಫನ್ನೋ ಉಗುಳಿನಲ್ಲಿ ಒದ್ದೆ ಮಾಡಿ ಮಕ್ಕಳ ಮುಖ ಒರೆಸುತ್ತಾರೆ. ಪಕ್ಕದಲ್ಲೇ ನಲ್ಲಿಯಿದೆ. ಮಗುವನ್ನು ಕಳೆದುಕೊಂಡವರು ಒಳಗೆ ಹೋಗಿ ಹಾಗೆಯೇ ಚಿತ್ರದ ಮಗುವಿನ ಮೇಲಿನ ಗಾಜನ್ನು ಒರೆಸುತ್ತಾರೆ. ಗಾಜು ಯಾವಾಗಲೂ ಮಬ್ಬಾಗಿಯೇ ಇರುತ್ತದೆ.